ದೋಷವಿಲ್ಲದವನ ರಕ್ತ

ಮೂರನೇ ದಿನವೂ ದಾರಿನ್ ನೂಡಲ್ಸ್ ಡಬ್ಬಿಯನ್ನು ಮುಟ್ಟದೆ ಹಿಂದಕ್ಕೆ ತಳ್ಳಿದಳು.

"ಉಪ್ಪು ಜಾಸ್ತಿ ಆಯ್ತಾ, ಇಲ್ಲ ನಾನೇ ಜಾಸ್ತಿ ಆದ್ನಾ?" ಎಂದ ಸಿಲಾ.

ಚಿಯಾಂಗ್‌ಮಾಯ್ ಊರಿನ ದೊಡ್ಡ ಆಸ್ಪತ್ರೆಯ ಎದುರಿಗೇ ಅವನ ನೂಡಲ್ಸ್ ಅಂಗಡಿ. ಅವಳ ಕೆಲಸ ಒಳಗೆ, ವಂಶವಾಹಿ ಪರೀಕ್ಷೆಯ ಲ್ಯಾಬಿನಲ್ಲಿ. ಎರಡು ವರ್ಷದ ಪ್ರೀತಿ, ಮದುವೆಗೆ ಇನ್ನು ಇಪ್ಪತ್ತೇ ದಿನ. ಹುಬ್ಬಿನ ಕೆಳಗಿಂದ ಕದ್ದು ನೋಡಿ ನಗುವ ಅವನ ಅಭ್ಯಾಸಕ್ಕೇ ಅವಳು ಸೋತಿದ್ದು. ಇವತ್ತೂ ಹಾಗೇ ನೋಡಿದ. ಅವಳು ಮುಖ ತಿರುಗಿಸಿದಳು.

"ಮದುವೆ ಸ್ವಲ್ಪ ಮುಂದಕ್ಕೆ ಹಾಕೋಣ್ವಾ?"

ಅವನ ನಗು ಅಲ್ಲೇ ನಿಂತಿತು. "ಬೇರೆ ಯಾರಾದ್ರೂ ಇದ್ದಾರಾ?"

ಇದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತು ಅನಿಸಿತು ಅವಳಿಗೆ.

ಆದದ್ದಿಷ್ಟು. ಹೊಸ ಪರೀಕ್ಷೆ ಶುರು ಮಾಡುವಾಗ ಹೋಲಿಸಿ ನೋಡಲು ದೋಷವಿಲ್ಲದವರ ರಕ್ತ ಬೇಕು. ಲ್ಯಾಬಿನ ಪದ್ಧತಿಯೆಂದರೆ ಯಾರು ಕೈಗೆ ಸಿಕ್ಕರೋ ಅವರ ತೋಳು. ದಾರಿನ್‌ಳದು ನಡೆಯದು, ಅವಳಲ್ಲಿ ಥಲಸೇಮಿಯಾ ಎಂಬ ರಕ್ತದ ಕಾಯಿಲೆಯ ಒಂದು ಕೆಟ್ಟ ವಂಶವಾಹಿ ಇದೆ. ಒಂದೇ ಇದ್ದರೆ ತೊಂದರೆಯಿಲ್ಲ. ತಂದೆಯದೊಂದು, ತಾಯಿಯದೊಂದು ಸೇರಿದರೆ ಮಗು ಬದುಕಿಡೀ ಬೇರೆಯವರ ರಕ್ತ ಏರಿಸಿಕೊಳ್ಳಬೇಕು. ಅವಳ ತಂಗಿ ನೋಕ್ ಹಾಗೇ ಹದಿನಾರು ವರ್ಷ ಬದುಕಿ ಹೋದಳು.

ಅದಕ್ಕೇ ಪರಿಚಯದ ಮೊದಲ ವಾರವೇ ಸಿಲಾನನ್ನು ಈ ದೋಷದ ಬಗ್ಗೆ ಕೇಳಿದ್ದಳು. "ರಕ್ತದಾನ ಮಾಡ್ತಾನೇ ಇರ್ತೀನಿ, ಎಲ್ಲಾ ಟೆಸ್ಟೂ ಆಗಿದೆ" ಎಂದಿದ್ದ. ರಕ್ತದಾನದ ಪರೀಕ್ಷೆಯಲ್ಲಿ ಇದು ತಿಳಿಯದು ಎಂದು ಊರಿಗೆಲ್ಲ ಪಾಠ ಹೇಳುವವಳ ಬುದ್ಧಿ ಆಗ ಎಲ್ಲಿ ಮೇಯಲು ಹೋಗಿತ್ತೋ. ಎಂಟು ದಿನದ ಹಿಂದೆ 'ದೋಷವಿಲ್ಲದವ' ಎಂದು ಚೀಟಿ ಅಂಟಿಸಿ, ಯಾವ ಪರೀಕ್ಷೆಗೆಂದು ಹೇಳದೆ ಅವನಿಂದ ತೆಗೆದ ರಕ್ತವನ್ನೇ ಇಟ್ಟಳು. ಅದರಲ್ಲೂ ಅದೇ ದೋಷ ಕಂಡಿತು.

ಈಗ ಎಲ್ಲವನ್ನೂ ಹೇಳಿಬಿಟ್ಟಳು.

"ನಾಲ್ಕು ಮಕ್ಕಳಾದ್ರೆ ಒಂದಕ್ಕೆ ಬರುತ್ತಾ?" ಎಂದು ಕೇಳಿದ ಸಿಲಾ.

"ಹಾಗಲ್ಲ. ಪ್ರತಿ ಸಲ ಬಸುರಾದಾಗ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹೊಟ್ಟೇಲಿರುವಾಗ್ಲೇ ನೋಡಬಹುದು, ಆದ್ರೆ ಆ ಉತ್ತರ ಕೇಳೋ ಧೈರ್ಯ ನನಗಿಲ್ಲ. ನೀನು ಮಕ್ಕಳಂದ್ರೆ ಪ್ರಾಣ ಬಿಡ್ತೀಯ. ಅದಕ್ಕೇ ನಿನ್ನನ್ನ ಬಿಟ್ಟುಬಿಡೋಣ ಅಂತ..."

ಸಿಲಾ ನೂಡಲ್ಸ್ ಡಬ್ಬಿಯ ಮುಚ್ಚಳ ಮುಚ್ಚಿ ಪಕ್ಕಕ್ಕಿಟ್ಟ.

"ಎಂಟು ದಿನ ನೀನು ಸುಮ್ನಿದ್ದೆ. ನನ್ನ ತಂಗಿ ಬುವಾ ಬಸುರಿ ಅಂತ ಗೊತ್ತು ತಾನೆ? ನನ್ನಲ್ಲಿರೋದು ಅವಳಲ್ಲೂ ಇರಬಹುದಲ್ವಾ?"

ತನ್ನ ದುಃಖದಲ್ಲಿ ಅದು ದಾರಿನ್‌ಗೆ ಹೊಳೆದೇ ಇರಲಿಲ್ಲ.

"ಇವತ್ತೇ ಪರೀಕ್ಷೆಗೆ ಬರಲಿ. ಗಂಡನನ್ನೂ ಕರ್ಕೊಂಡು ಬರಲಿ" ಎಂದಳು.

"ನನ್ನ ಕೇಳದೆ ನನ್ನೊಳಗೆ ಇಣುಕಿ ನೋಡ್ದೆ. ಆಮೇಲೆ ನನ್ನ ಕೇಳದೆ ನನ್ನ ಬದುಕನ್ನೂ ತೀರ್ಮಾನ ಮಾಡ್ದೆ. ತುಂಬಾ ಸಿಟ್ಟು ಬಂದಿದೆ ದಾರಿನ್."

"ಸಿಟ್ಟು ಬರಲೇಬೇಕು. ಮದುವೆ ಬೇಡ ಅಂದ್ರೂ ತಪ್ಪು ತಿಳ್ಕೊಳ್ಳಲ್ಲ."

"ಬೇಡ ಅಂತ ಯಾರು ಅಂದ್ರು?" ಅವನ ಕಣ್ಣು ತುಂಬಿತ್ತು. "ಮಗು ಬೇಕೋ ಬೇಡ್ವೋ, ಇಬ್ರೂ ಕೂತು ಅಳೋಣ, ಜಗಳ ಆಡೋಣ. ಒಬ್ಬಳೇ ಅಳೋಕೆ ಮಾತ್ರ ಇನ್ಮೇಲೆ ಬಿಡಲ್ಲ."

"ಭಯ ಆಗುತ್ತೆ ಸಿಲಾ. ಆದ್ರೂ ನನಗೆ ನೀನು ಬೇಕು."

ಅವನು ತಂಗಿಯ ನಂಬರ್ ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟ. "ನೀನೇ ಹೇಳು."

ಅತ್ತಲಿಂದ ಬುವಾ "ಹಲೋ, ಯಾರು?" ಎಂದಳು.

ದಾರಿನ್ ಸಿಲಾನ ಮುಖ ನೋಡಿದಳು. ಅವನು ಕಣ್ಣು ತಗ್ಗಿಸಲಿಲ್ಲ.

"ನಾನು ಕಣೇ, ನಿನ್ನ ಅತ್ತಿಗೆ. ನನ್ನಿಂದ ಒಂದು ತಪ್ಪಾಗಿದೆ. ಹೆದರಬೇಡ, ಪೂರ್ತಿ ಕೇಳು."