ಹ್ಯಾನಾ ಬರೆಯದ ಕಾಗದ

ಹುಡುಕಾಟ ಮುಗಿದುಹೋಯಿತು ಎಂಬುದೇ ಪೂವಪ್ಪನ ದೂರು.

ಎದುರು ಫ್ಲ್ಯಾಟಿನ ಏಂಜೆಲಾ ಕೆಜಿಎಫ್‌ನವಳು. ಒಮಾನಿನ ಅಲ್ ಮಬೇಲಾದಲ್ಲಿ ನರ್ಸ್. ಆಕೆಯ ಮುತ್ತಜ್ಜನ ತಾಯಿ ಹ್ಯಾನಾ, ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತವರದ ಅದಿರು ಒಡೆಯುತ್ತಿದ್ದ ಕೂಲಿ ಹೆಂಗಸು. ಚಿನ್ನದ ಗಣಿಗೆಂದು ಕೋಲಾರಕ್ಕೆ ಬಂದವನು ಅವಳ ಮಗ. ಎರಡು ವರ್ಷ ಪ್ರತಿ ಸಂಜೆ ಇಬ್ಬರೂ ಪೂವಪ್ಪನ ಕಂಪ್ಯೂಟರಿನ ಮುಂದೆ ಕುಳಿತು ದೀಕ್ಷಾಸ್ನಾನದ ಪುಸ್ತಕ, ಜನಗಣತಿಯ ಹಾಳೆ, ಮದುವೆಯ ರಿಜಿಸ್ಟರು ತಡಕಿದ್ದರು. ಕೊನೆಗೆ ಹ್ಯಾನಾಳ ಸಾವಿನ ದಾಖಲೆಯೂ ಸಿಕ್ಕಿತು.

“ಖಲಾಸ್, ಪೂವಪ್ಪಾ! ಇನ್ನು ನಿಮ್ಮ ತಲೆ ತಿನ್ನಲ್ಲ.”

“ತಿನ್ನಿ ಮಾರಾಯ್ರೆ, ನಾನೆಂತ ಬೇಡ ಅಂದ್ನಾ?”

ಆಕೆ ನಕ್ಕಳು. ಚಹಾದ ಫ್ಲಾಸ್ಕನ್ನು ಎತ್ತಿಕೊಂಡು ಹೋದವಳು ಮತ್ತೆ ಬರಲಿಲ್ಲ. ಪೂವಪ್ಪ ಹಗಲೆಲ್ಲ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಬಾಟಲಿಗಳ ಜೊತೆ, ಸಂಜೆ ಎಸಿಯ ಸದ್ದಿನ ಜೊತೆ. ಐವತ್ತೆರಡರ ಬ್ರಹ್ಮಚಾರಿಗೆ ಮಾತನಾಡಲು ಇನ್ನಾರೂ ಇರಲಿಲ್ಲ.

ಹ್ಯಾನಾ ಇನ್ನೊಂದು ಸಲ ಬಾಯಿ ಬಿಡಬೇಕು, ಅಷ್ಟೆ. ಮದುವೆಗೆ ಮೊದಲೇ ಒಂದು ಹೆಣ್ಣುಮಗು ಹೆತ್ತು ಯಾರ ಮನೆಯಲ್ಲೋ ಬಿಟ್ಟಿದ್ದಳೆಂದು ಒಂದು ಕಾಗದ ಸಿಕ್ಕರೆ, ಆ ಮಗುವನ್ನು ಹುಡುಕುತ್ತಾ ಹತ್ತು ವರ್ಷ ಕಳೆಯಬಹುದು. ಇಲ್ಲದ ಮಗು ಎಂದೂ ಸಿಗುವುದಿಲ್ಲ.

ಅವನು ಅವಸರ ಮಾಡಲಿಲ್ಲ. ಹ್ಯಾನಾಳ ಕಾಲದ ಹಳೆಯ ಪುಸ್ತಕವೊಂದನ್ನು ಅಂಚೆಯಲ್ಲಿ ತರಿಸಿ ಕೊನೆಯ ಖಾಲಿ ಹಾಳೆಯನ್ನು ಕತ್ತರಿಸಿದ. ಗಿಡಮೂಲಿಕೆ ಅಂಗಡಿಯ ಉಸ್ಮಾನನಿಂದ ಮಾಚಿಕಾಯಿ ತಂದು, ಲ್ಯಾಬಿನ ಅನ್ನಭೇದಿ ಬೆರೆಸಿ ಅಂದಿನ ಶಾಯಿ ತಯಾರಿಸಿದ. ಹ್ಯಾನಾಗೆ ಅಕ್ಷರ ಬರುತ್ತಿತ್ತೇ? ಮದುವೆ ರಿಜಿಸ್ಟರಿನಲ್ಲಿ ಅಕ್ಷರ ಬಾರದವರು ಹಾಕುವ ಕತ್ತರಿ ಗುರುತಿನ ಬದಲು ಸಹಿಯೇ ಇತ್ತು. ಆ ಸಹಿಯ ಅಕ್ಷರಗಳನ್ನು ತಿದ್ದಿ ತಿದ್ದಿ ಕೈಗೆ ಕೂರಿಸಿಕೊಂಡ. ಪತ್ರದ ತಾರೀಕು ಯಾವ ವಾರ ಬೀಳುತ್ತದೆಂದು ಮೂರು ಸಲ ಲೆಕ್ಕ ಹಾಕಿದ. ಬರೆದು ಮುಗಿಸಿದ ಹಾಳೆಯನ್ನು ಲ್ಯಾಬಿನ ಓವನ್ನಿನಲ್ಲಿ ಹದವಾಗಿ ಒಣಗಿಸಿ ಮಡಚಿ, ಲಂಡನ್ನಿನ ಹರಾಜಿನಲ್ಲಿ ಕೊಂಡ ಹಳೆಯ ಕಾಗದಗಳ ಕಟ್ಟಿನಲ್ಲಿ ಸಿಕ್ಕಿತೆಂದು ಏಂಜೆಲಾಗೆ ಕೊಟ್ಟ.

ಆಕೆ ಓದುತ್ತಾ ಅತ್ತಳು. “ಪಾಪ, ಆ ಕೂಸು!” ಎಂದಳು. ಎದ್ದು ಹೋಗಿ ಫ್ಲಾಸ್ಕನ್ನು ತಂದಳು. ಎರಡು ಲೋಟಗಳಿಗೆ ಚಹಾ ಬಿತ್ತು. ಪೂವಪ್ಪ ಕಂಪ್ಯೂಟರ್ ಹಚ್ಚಿದ. ಇಷ್ಟು ಸುಖದ ಸಂಜೆ ಅವನ ಪಾಲಿಗೆ ಬಂದೇ ಇರಲಿಲ್ಲ.

ಎರಡನೆಯ ಸಲ ಓದುವಾಗ ಮೊದಲ ಸಾಲಿನಲ್ಲೇ ಆಕೆಯ ಬೆರಳು ನಿಂತಿತು. “ಇದನ್ನ ಓದಿ, ಪೂವಪ್ಪಾ.” ಅವನು ಓದಿದ: ‘ಜೂನ್ ೧೪, ೧೮೬೭, ಶುಕ್ರವಾರ. ಪ್ರತಿವಾರದಂತೆ ಎಲ್ಲರೂ ಈಗಷ್ಟೇ ಚರ್ಚಿನಿಂದ ಬಂದೆವು.’ ವಾರ ಸರಿಯಿತ್ತು, ಶಾಯಿ ಸರಿಯಿತ್ತು. “ಇದರಲ್ಲಿ ಎಂತ ತಪ್ಪುಂಟು?” ಏಂಜೆಲಾ ಕಾಗದವನ್ನು ಮೇಜಿನ ಮೇಲಿಟ್ಟು, ಕುಡಿಯದ ಲೋಟವನ್ನು ದೂರ ಸರಿಸಿದಳು. “ಹಾಗಾದ್ರೆ ಎರಡು ವರ್ಷ ತೋರಿಸಿದ್ದೂ ನೀವೇ ಬರೆದಿದ್ದಾ? ಹ್ಯಾನಾ ಅನ್ನೋಳು ಇದ್ದಳಾ, ಇಲ್ವಾ?” ಇದ್ದಳು ಎಂದು ಅವನು ಹೇಳಿದ, ಆಕೆ ಆಗಲೇ ಬಾಗಿಲು ದಾಟಿದ್ದಳು. ಇಪ್ಪತ್ತೊಂದು ವರ್ಷದಿಂದ ಅವನು ಕಣ್ಣಾರೆ ಕಂಡ ಚರ್ಚು ಒಮಾನಿನದು ಮಾತ್ರ. ಇಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ಏಂಜೆಲಾ ಪ್ರತಿ ಶುಕ್ರವಾರ ಬೆಳಿಗ್ಗೆ ಬೈಬಲ್ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಹ್ಯಾನಾಳ ಊರಿನಲ್ಲಿ ಚರ್ಚಿನ ದಿನ ಭಾನುವಾರ.