ತಾತನ ಕೈಮೇಲಿನ ಕೆಂಪು ಅಂಕಿ

“ಯಜಮಾನ್ರೇ, ಕತ್ತಿ ಕೆಳಗಿಡಿ! ತೊಂಬತ್ತೆಂಟಾಯ್ತು!”

ಕುರ್ಚಿಯಲ್ಲಿ ಕೂತಿದ್ದ ಟೈರ್ ಅಂಗಡಿಯವರು ಕೂಗಿದರು. ಅವರ ಮುಖದ ಒಂದು ಕಡೆ ಬಿಳಿ ನೊರೆ, ಇನ್ನೊಂದು ಕಡೆ ನುಣ್ಣಗೆ. ಗಲ್ಲದ ಕೆಳಗೆ ತಾತನ ಕತ್ತಿ. ಮೂಗಿನ ಮುಂದೆಯೇ ಕೆನ್ನೆಯ ಚರ್ಮವನ್ನು ಎಳೆದು ಹಿಡಿದ ತಾತನ ಎಡಗೈ. ಆ ಕೈಯಲ್ಲಿ ಒಂದು ಸ್ಮಾರ್ಟ್‌ವಾಚು. ವಾಚಿನ ಮೇಲೆ ಒಂದು ಕೆಂಪು ಹೃದಯ ಹಿಗ್ಗಿ ಕುಗ್ಗಿ ಮಿನುಗುತ್ತಿತ್ತು. ಅದರ ಕೆಳಗೆ ದಪ್ಪ ದಪ್ಪ ಕೆಂಪು ಅಂಕಿ.

“ಹೆದರಬೇಡಿ, ವಾಚಿರೋದು ಎಡಗೈಲಿ. ಕತ್ತಿ ಇರೋದು ಬಲಗೈಲಿ,” ಎಂದರು ತಾತ.

“ಎರಡಕ್ಕೂ ಎದೆ ಒಂದೇ ಅಲ್ವಾ ಯಜಮಾನ್ರೇ!”

ಬೆಂಚಿನ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಬಾಗಿಲ ಬಳಿ ಕೂತಿದ್ದ ಹೊಸ ಗಿರಾಕಿಯೊಬ್ಬರು ಮಾತ್ರ ನಗಲಿಲ್ಲ. ವಾಚನ್ನು ನೋಡಿದರು, ಕತ್ತಿಯನ್ನು ನೋಡಿದರು, ತಮ್ಮ ಕುತ್ತಿಗೆ ಸವರಿಕೊಂಡರು. “ಸ್ವಲ್ಪ ಕೆಲಸ ಇದೆ, ಆಮೇಲೆ ಬರ್ತೀನಿ,” ಎಂದು ಎದ್ದು ಹೋದರು.

ಮೂಲೆಯಲ್ಲಿ ಟವಲ್ ಮಡಚುತ್ತಿದ್ದ ಮೆಣಸುವಿನ ಕಿವಿ ಬಿಸಿಯಾಯಿತು. ಈ ವಾರ ಹೀಗೆ ಎದ್ದು ಹೋದವರಲ್ಲಿ ಇವರು ನಾಲ್ಕನೆಯವರು. ಆಮೇಲೆ ಬರುತ್ತೇನೆ ಎಂದವರು ಯಾರೂ ಬಂದಿರಲಿಲ್ಲ.

ಮೆಣಸು ಎನ್ನುವುದು ಅವಳ ನಿಜವಾದ ಹೆಸರಲ್ಲ. ಮೂಗಿನ ತುದಿಯಲ್ಲೇ ಕೋಪ ಇರುವುದರಿಂದ ತಾತ ಇಟ್ಟ ಹೆಸರು ಅದು. ಸ್ಕೂಲಿಗೆ ರಜೆ ಇದ್ದ ದಿನವೆಲ್ಲ ಅವಳು ತಾತನ ಕ್ಷೌರದಂಗಡಿಯಲ್ಲೇ ಇರುತ್ತಿದ್ದಳು. ಬಾಚಣಿಗೆ ತೊಳೆಯುವುದು, ಸ್ಪ್ರೇ ಬಾಟಲಿಗೆ ನೀರು ತುಂಬುವುದು, ಟವಲ್ ಮಡಚುವುದು ಅವಳ ಕೆಲಸ.

ಮೂರು ತಿಂಗಳ ಹಿಂದೆ ತಾತನ ಎದೆಗೆ ಆಪರೇಷನ್ ಆಗಿತ್ತು. ಕೆಲಸ ಮಾಡಬಹುದು, ಆದರೆ ಎದೆಬಡಿತ ನೂರಿಪ್ಪತ್ತು ದಾಟಿದರೆ ಕೂತು ವಿಶ್ರಾಂತಿ ತೆಗೆದುಕೊಳ್ಳಬೇಕು ಎಂದಿದ್ದರು ಡಾಕ್ಟರು. ಪಕ್ಕದ ಬೀದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಚಿಕ್ಕಪ್ಪ ಅದೇ ವಾರ ಈ ವಾಚು ತಂದು ತಾತನ ಕೈಗೆ ಕಟ್ಟಿದ. ದೂರದಿಂದಲೂ ಕಾಣಲಿ ಎಂದು ಎದೆಬಡಿತವನ್ನು ಎಲ್ಲಕ್ಕಿಂತ ದೊಡ್ಡದಾಗಿ ಇಟ್ಟ. ಗಂಟೆ ಎಷ್ಟು ಎಂಬುದು ಕೆಳಗಿನ ಮೂಲೆಯಲ್ಲಿ ಇರುವೆ ಸಾಲಿನಂತೆ ಕೂತಿತ್ತು.

ದೂರದಿಂದ ಕಂಡಿದ್ದಂತೂ ನಿಜ. ಇಡೀ ಬೀದಿಗೇ ಕಂಡಿತು.

“ಹೋದ ವರ್ಷ ಈ ತಿಂಗಳಲ್ಲೇ ಅಲ್ವಾ ಯಜಮಾನ್ರೇ, ಅಮ್ಮನವರು ತೀರಿಕೊಂಡಿದ್ದು?” ಬೆಂಚಿನ ಮೇಲಿದ್ದ ಪೋಸ್ಟ್‌ಮ್ಯಾನ್ ಮೆಲ್ಲಗೆ ಕೇಳಿದರು. ಅವರು ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು.

“ಹೌದು,” ಎಂದರು ತಾತ.

ಅಜ್ಜಿಯ ಮಾತು ಬಂದರೂ ತಾತನ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೈ ಅಲುಗಲಿಲ್ಲ. ಕತ್ತಿ ಕೆನ್ನೆಯ ಮೇಲೆ ಸರ್ರನೆ ಇಳಿಯಿತು.

ಆದರೆ ವಾಚು ಸುಮ್ಮನಿರಲಿಲ್ಲ. ತೊಂಬತ್ತೆಂಟು ನೂರಾ ಒಂದಾಯಿತು. ನೂರಾ ಆರು. ನೂರಾ ಹನ್ನೊಂದು. ಬೆಂಚಿನ ಮೇಲಿದ್ದವರ ಕಣ್ಣುಗಳೆಲ್ಲ ಆ ಅಂಕಿಯ ಹಿಂದೆಯೇ ಮೆಟ್ಟಿಲು ಹತ್ತಿದವು.

“ಓಹೋಹೋ! ನೋಡ್ರಪ್ಪಾ, ಯಜಮಾನರ ಲವ್ವು ಇನ್ನೂ ಫುಲ್ ಚಾರ್ಜಲ್ಲಿದೆ!” ಎಂದರು ಟೈರ್ ಅಂಗಡಿಯವರು.

ಯಾರೋ ಕಿಸಕ್ಕೆಂದರು. ತಾತ ಅಂಗಿಯ ತೋಳನ್ನು ಎಳೆದು ವಾಚಿನ ಮೇಲೆ ಮುಚ್ಚಿಕೊಂಡರು. ತೋಳು ನಿಲ್ಲಲಿಲ್ಲ, ಮತ್ತೆ ಮೇಲೆ ಸರಿಯಿತು.

ಮೆಣಸು ಟವಲನ್ನು ನೆಲಕ್ಕೆ ಎಸೆದಳು.

“ಅದರಲ್ಲಿ ನಗೋದೇನಿದೆ ಅಂಕಲ್? ನಿಮ್ಮೆದೆ ಬಡಿಯೋದನ್ನ ನಿಮ್ಮ ಅಂಗಡಿ ಬೋರ್ಡ್ ಮೇಲೆ ಹಾಕಲಾ? ಆಗ ನಗ್ತೀರಾ?”

“ಮೆಣಸು!” ತಾತ ಗದರಿದರು. “ಕುರ್ಚಿಲಿ ಕೂತವರ ಹತ್ತಿರ ಹಾಗೆಲ್ಲ ಮಾತಾಡಬಾರದು. ಕ್ಷಮಿಸಿ ಅನ್ನು.”

“ಅನ್ನಲ್ಲ!”

ಅವಳು ಮೆಟ್ಟಿಲಿಳಿದು ಓಡಿದಳು. ತಪ್ಪು ಮಾಡಿದವರು ಅವರು, ಬೈಸಿಕೊಂಡವಳು ತಾನು! ಇದ್ಯಾವ ನ್ಯಾಯ?

ಪಕ್ಕದ ಬೀದಿಯ ಅಂಗಡಿಯಲ್ಲಿ ಚಿಕ್ಕಪ್ಪ ಒಂದು ಮೊಬೈಲಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಮೆಣಸು ಬಂದ ರಭಸಕ್ಕೆ ಮೇಜಿನ ಮೇಲಿನ ಪುಟ್ಟ ಸ್ಕ್ರೂಗಳು ಉರುಳಿದವು.

“ಚಿಕ್ಕಪ್ಪ, ತಾತನ ವಾಚಿನ ಫೇಸ್ ಚೇಂಜ್ ಮಾಡು. ಈಗಲೇ!”

“ನಿಧಾನ ಕಣೇ. ಊರು ಹತ್ತಿ ಉರೀತಿದೆಯಾ?”

“ಹೂಂ, ಉರೀತಿದೆ! ಎಲ್ಲರೂ ತಾತನ ಎದೆ ನೋಡ್ಕೊಂಡು ನಗ್ತಿದ್ದಾರೆ. ಅಜ್ಜಿ ಮಾತು ಬಂದಾಗ ನಂಬರ್ ಮೇಲೆ ಹೋಯ್ತು. ಅದಕ್ಕೂ ನಕ್ಕರು.”

ಚಿಕ್ಕಪ್ಪನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ತಲೆಯಾಡಿಸಿದ. “ನಗೋರು ನಗಲಿ. ಆ ನಂಬರ್ ತೆಗೆಯಲ್ಲ.”

“ಯಾಕೆ?”

“ಅವತ್ತು ಅಪ್ಪ ಅಂಗಡೀಲಿ ಬಿದ್ದಿದ್ದನ್ನ ನೋಡಿದವನು ನಾನು. ಕೈಲಿ ಕತ್ತರಿ ಹಾಗೇ ಇತ್ತು. ಕರೆದ್ರೆ ಓ ಅನ್ನಲಿಲ್ಲ. ನೀನು ಸ್ಕೂಲಲ್ಲಿದ್ದೆ, ನಿನಗೇನು ಗೊತ್ತು?”

ಮೆಣಸು ಉರುಳಿದ ಸ್ಕ್ರೂ ಒಂದನ್ನು ಎತ್ತಿ ಮೇಜಿನ ಮೇಲಿಟ್ಟಳು. ಆದರೆ ಕೋಪ ಆರಿರಲಿಲ್ಲ.

“ಅದಕ್ಕೆ ಇಡೀ ಬೀದಿಗೆ ತೋರಿಸಬೇಕಾ?”

“ಬೀದಿಗೆ ತೋರಿಸಿದ್ದು ನಾನೊಬ್ಬನೇನಾ? ಮೊದಲ ದಿನ ಫ್ರೆಂಡ್ಸ್‌ನೆಲ್ಲ ಕರ್ಕೊಂಡು ಬಂದು, ‘ತಾತ ನಗು, ತಾತ ಕೆಮ್ಮು, ನಂಬರ್ ಹೇಗೆ ಓಡುತ್ತೆ ನೋಡ್ರೇ’ ಅಂತ ಕುಣಿದಿದ್ದು ಯಾರು?”

ಮೆಣಸುವಿನ ಮುಖ ಕೆಂಪೇರಿತು. ಈ ಚಿಕ್ಕಪ್ಪನಿಗೆ ಇದೊಂದು ಚಾಳಿ, ಬೇಡದ್ದೆಲ್ಲ ನೆನಪಿಟ್ಟುಕೊಳ್ಳುತ್ತಾನೆ.

“ಅದು ಆಟ,” ಎಂದಳು.

“ಅವರಿಗೂ ಆಟವೇ.”

“ನಾನು ಅಜ್ಜಿ ವಿಷಯಕ್ಕೆ ನಗಲಿಲ್ಲ!” ಅವಳ ಕಣ್ಣಲ್ಲಿ ನೀರು ಬಂತು. ಬಂದ ನೀರಿನ ಮೇಲೂ ಅವಳಿಗೆ ಸಿಟ್ಟು ಬಂತು. ಅಂಗೈಯಿಂದ ಒರಸಿ ಎಸೆದಳು.

ಚಿಕ್ಕಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ. ಆಮೇಲೆ ಡ್ರಾದಿಂದ ತನ್ನ ಇನ್ನೊಂದು ಫೋನ್ ತೆಗೆದ.

“ಬಾ ಇಲ್ಲಿ. ಇದು ತಾತನ ವಾಚಿಗೆ ಜೋಡಿಸಿರೋ ಫೋನು. ವಾಚಲ್ಲಿ ಸಿಮ್ ಇದೆ, ದೂರ ಇದ್ರೂ ಬಡಿತ ಎಷ್ಟಿದೆ ಅಂತ ಈ ಆ್ಯಪಲ್ಲಿ ಬರ್ತಾ ಇರುತ್ತೆ. ನೂರಿಪ್ಪತ್ತು ದಾಟಿದ್ರೆ ಫೋನ್ ಕೂಗಿಕೊಳ್ಳುತ್ತೆ, ವಾಚು ಕೈಮೇಲೆ ಗುರ್ ಅಂತ ನಡುಗುತ್ತೆ. ವಾಚ್ ಮುಖದ ಮೇಲೆ ಇರಲೇಬೇಕು ಅಂತೇನಿಲ್ಲ.”

“ಹಾಗಾದ್ರೆ ಮೊದಲೇ ಯಾಕೆ ತೆಗೀಲಿಲ್ಲ?”

“ಭಯ ಕಣೇ,” ಎಂದ ಚಿಕ್ಕಪ್ಪ. “ಕಣ್ಣಿಗೆ ಕಾಣ್ತಿದ್ರೆ ಧೈರ್ಯ ಅನ್ನಿಸ್ತಿತ್ತು.”

ಅವನು ಆ ಫೋನಿನಿಂದಲೇ ವಾಚಿನ ಫೇಸ್ ಬದಲಿಸುವುದನ್ನು ಹೇಳಿಕೊಟ್ಟ. ನಡುವೆ ಒಂದು ದೊಡ್ಡ ಜಾಗ, ಸುತ್ತ ನಾಲ್ಕು ಚಿಕ್ಕ ಜಾಗ. ಯಾವ ಜಾಗಕ್ಕೆ ಬೆರಳಿಡುತ್ತೀಯೋ ಆ ಜಾಗದಲ್ಲಿ ಏನು ಬೇಕು ಎಂದು ಪಟ್ಟಿ ಬರುತ್ತದೆ. “ಫೋನ್ ಸಂಜೆ ತನಕ ನಿನ್ನ ಹತ್ತಿರವೇ ಇರಲಿ. ನಂಬರ್ ನೋಡ್ತಾ ಇರು. ಕೂಗಿಕೊಂಡ್ರೆ ನನ್ನ ಹತ್ತಿರ ಓಡಿ ಬಾ.”

ಮೆಣಸು ಗೆದ್ದವಳಂತೆ ನಡೆದಳು. ದಾರಿಯಲ್ಲೇ ಬೆರಳು ಓಡಿತು. ಕೆಂಪು ಹೃದಯ ಹಾರಿಹೋಯಿತು. ಅದರ ಜಾಗದಲ್ಲಿ ಹಳದಿ ಹೂಗಳ ನಡುವೆ ಹಲ್ಲು ಬಿಟ್ಟು ನಗುತ್ತಿರುವ ಅವಳದೇ ಫೋಟೊ. ಒಂದು ಮೂಲೆಯಲ್ಲಿ ಬಿಸಿಲೋ ಮೋಡವೋ ಎಂದು ಹೇಳುವ ಚಿತ್ರ, ಇನ್ನೊಂದರಲ್ಲಿ ನಡೆದ ಹೆಜ್ಜೆಗಳ ಲೆಕ್ಕ, ಮತ್ತೊಂದರಲ್ಲಿ ಕಣ್ಣು ಮಿಟುಕಿಸುವ ಬೆಕ್ಕು. ಗಂಟೆಯನ್ನು ಬೆಕ್ಕಿನ ಪಕ್ಕಕ್ಕೆ ತಳ್ಳಿದಳು. ತಾತ ನೋಡಿದರೆ ಎಷ್ಟು ಖುಷಿಪಡುತ್ತಾರೋ!

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ತಾತ ಕನ್ನಡಕ ಹಣೆಗೇರಿಸಿ ವಾಚನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು.

“ಇದೇನಮ್ಮಾ ನನ್ನ ಕೈಮೇಲೆ ಸಂತೆ ನೆರೆದಿದೆ?”

“ನಾನೇ ಮಾಡಿದ್ದು! ಕೆಂಪು ನಂಬರ್ ಹೋಯ್ತು. ಚೆನ್ನಾಗಿದೆಯಾ?”

“ನಂಬರ್ ಹೋಗಿದ್ದು ಬಲು ಒಳ್ಳೇದಾಯ್ತು,” ಎಂದರು ತಾತ. “ಆದ್ರೆ ನಿನ್ನ ಮುಖ ದಿನಾ ಎದುರಿಗೇ ಇರುತ್ತಲ್ಲ. ಬಿಸಿಲೋ ಮೋಡವೋ, ಬಾಗಿಲಾಚೆ ಕಾಣುತ್ತೆ. ಈ ಬೆಕ್ಕು ಯಾರದು?”

“ಸುಮ್ನೆ... ಕ್ಯೂಟಾಗಿದೆ ಅಂತ.”

ತಾತ ನಕ್ಕರು. ನಗುತ್ತಲೇ ಹೇಳಿದರು, “ಮೊದಲು ನಿನ್ನ ಚಿಕ್ಕಪ್ಪ ಅವನಿಗೆ ಬೇಕಾದ್ದು ಹಾಕಿದ. ಈಗ ನೀನು ನಿನಗೆ ಬೇಕಾದ್ದು ಹಾಕಿದೆ. ಕೈ ಮಾತ್ರ ನನ್ನದು.”

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಮೆಣಸು ತಿರುಗಿ ಕೂಗಬಹುದಿತ್ತು. ಬೆಳಗಿನಿಂದ ಎಲ್ಲರ ಮೇಲೂ ಸಿಡಿದವಳಿಗೆ ಈಗ ಯಾರ ಮೇಲೆ ಸಿಡಿಯಬೇಕೋ ತಿಳಿಯಲಿಲ್ಲ. ಅವಳು ಉಗುರು ಕಚ್ಚುತ್ತ ನಿಂತಳು. ಆಮೇಲೆ ಕುರ್ಚಿಯ ಪಕ್ಕ ಬಂದು ಕೇಳಿದಳು.

“ತಾತ, ನಿನಗೇನು ಬೇಕು?”

ತಾತ ಕನ್ನಡಕವನ್ನು ಕಣ್ಣಿಗಿಳಿಸಿ ಅವಳನ್ನೇ ನೋಡಿದರು. ಈ ವಾಚು ಕೈಗೆ ಬಂದ ಮೇಲೆ ಯಾರೂ ಅವರನ್ನು ಆ ಪ್ರಶ್ನೆ ಕೇಳಿರಲಿಲ್ಲ.

“ಗಂಟೆ. ದೊಡ್ಡದಾಗಿ, ಕನ್ನಡಕ ಇಲ್ಲದೆ ಕಾಣೋ ಹಾಗೆ.”

“ಸರಿ. ಆಮೇಲೆ?”

“ತಲೆಗೆ ಡೈ ಹಚ್ಚಿದ ಮೇಲೆ ಇಪ್ಪತ್ತು ನಿಮಿಷ ಆಯ್ತು ಅಂತ ಹೇಳೋದು ಏನಾದ್ರೂ ಇದೆಯಾ ಇದರಲ್ಲಿ? ಮೊನ್ನೆ ಪೋಸ್ಟ್‌ಮ್ಯಾನ್ ಮೀಸೆಗೆ ಹಚ್ಚಿ ಮಾತಿಗೆ ಕೂತುಬಿಟ್ಟೆ. ಮುಕ್ಕಾಲು ಗಂಟೆ! ಪಾಪ, ಬೂಟ್ ಪಾಲಿಶ್ ಮೆತ್ತಿಕೊಂಡ ಹಾಗೆ ಮನೆಗೆ ಹೋದರು. ಹೆಂಡತಿ ಬಾಗಿಲೇ ತೆಗೀಲಿಲ್ಲವಂತೆ.”

ಮೆಣಸು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಟೈಮರ್ ಇದೆ ತಾತ! ಒಂದು ಸಲ ಮುಟ್ಟಿದ್ರೆ ಸಾಕು.”

“ಹಾಗಾದ್ರೆ ಅದು ಬಲಗಡೆ ಇರಲಿ. ಬೇರೇನೂ ಬೇಡ.”

“ಬೆಕ್ಕು?”

“ಬೆಕ್ಕೂ ಬೇಡ.”

ಅವಳು ಒಂದೊಂದಾಗಿ ತೆಗೆದಳು. ತನ್ನ ಫೋಟೊ ತೆಗೆಯುವಾಗ ಬೆರಳು ಕೊಂಚ ತಡೆಯಿತು, ಆದರೂ ತೆಗೆದಳು. “ತಾತ, ಅವರು ಹಾಗೆ ನಕ್ಕಾಗ ನಿನಗೆ ಕೋಪ ಬರಲಿಲ್ವಾ?”

ತಾತ ಕತ್ತರಿಯನ್ನು ಒರೆಸಿ ಕಪಾಟಿನಲ್ಲಿಟ್ಟರು.

“ಬಂತು. ಎದೇನ ಎಲ್ಲರಿಗೂ ಕಾಣೋ ಹಾಗೆ ಇಡಬೇಕು ಅಂತಿದ್ರೆ ದೇವರು ಅದನ್ನ ಹಣೆ ಮೇಲೇ ಇಡ್ತಿದ್ದ. ಮೂಳೆ ಕಟ್ಟಿ, ಚರ್ಮ ಹೊದೆಸಿ, ಒಳಗೆ ಬಚ್ಚಿಟ್ಟಿದ್ದಾನೆ. ಅವನಿಗೆ ಗೊತ್ತಿದ್ರೆ ಸಾಕು.”

ಮಧ್ಯಾಹ್ನದ ಮೇಲೆ ಇಬ್ಬರು ಗಿರಾಕಿಗಳು ಬಂದರು. ಇಬ್ಬರೂ ವಾಚನ್ನು ನೋಡಿ ಗಂಟೆ ಎಷ್ಟೆಂದು ತಿಳಿದುಕೊಂಡರು, ಅಷ್ಟೇ.

ಸಂಜೆಯಾಯಿತು. ತಾತ ನೆಲದ ಮೇಲಿನ ಕೂದಲು ಗುಡಿಸುತ್ತಿದ್ದರು. ಮೆಣಸು ಕಪಾಟಿನ ಪಕ್ಕ ಬಾಚಣಿಗೆಗಳನ್ನು ಒಣಗಲು ಇಡುತ್ತಿದ್ದಳು. ಪೊರಕೆಯ ಸದ್ದು ಇದ್ದಕ್ಕಿದ್ದಂತೆ ನಿಂತಿತು.

ಅವಳು ತಿರುಗಿ ನೋಡಿದಳು. ತಾತ ಪೊರಕೆ ಹಿಡಿದು ಕನ್ನಡಿಯ ಮುಂದೆ ನಿಂತಿದ್ದರು. ಕನ್ನಡಿ ನೋಡುತ್ತಿದ್ದರು, ಆದರೆ ತಮ್ಮನ್ನು ನೋಡಿಕೊಳ್ಳುತ್ತಿರಲಿಲ್ಲ. ಮುಖದಲ್ಲಿ ಏನೂ ಕಾಣಲಿಲ್ಲ. ಯಾವಾಗಲೂ ಏನೂ ಕಾಣುತ್ತಿರಲಿಲ್ಲ.

ಚಿಕ್ಕಪ್ಪನ ಫೋನ್ ಅವಳ ಜೇಬಿನಲ್ಲಿತ್ತು. ಅವಳು ತೆಗೆದಳು. ಆ್ಯಪಿನ ಗುರುತು ಬೆರಳಿನ ಕೆಳಗೇ ಇತ್ತು. ಒಂದು ಸಲ ಮುಟ್ಟಿದರೆ ಸಾಕು, ತಾತನ ಒಳಗೆ ಏನಾಗುತ್ತಿದೆ ಎಂದು ಅಂಕಿ ಹೇಳಿಬಿಡುತ್ತದೆ. ನೋಡುತ್ತಿರು ಎಂದು ಚಿಕ್ಕಪ್ಪ ಹೇಳಿಯೂ ಇದ್ದ.

ಅಪಾಯವಾದರೆ ಫೋನು ತಾನಾಗಿಯೇ ಕೂಗುತ್ತದೆ. ಅದು ಕೂಗಿರಲಿಲ್ಲ.

ಮೆಣಸು ಫೋನಿನ ಸದ್ದು ಜೋರಾಗಿದೆಯೇ ಎಂದು ನೋಡಿದಳು. ಆಮೇಲೆ ಅದನ್ನು ಕಪಾಟಿನ ಮೇಲೆ ಮುಖ ಕೆಳಗಾಗಿ ಇಟ್ಟು, ತಾತನ ಹತ್ತಿರ ಹೋದಳು.

“ತಾತ, ಏನು ಯೋಚನೆ ಮಾಡ್ತಿದ್ದೀಯ?”

ತಾತ ಬೆಚ್ಚಿ ಇತ್ತ ನೋಡಿದರು. ಅವಳ ತಲೆಯ ಮೇಲೆ ಕೈಯಿಟ್ಟರು.

“ಆಮೇಲೆ ಹೇಳ್ತೀನಿ ಕಣಮ್ಮಾ.”

ಬೇರೆ ದಿನವಾಗಿದ್ದರೆ ‘ಈಗಲೇ ಹೇಳು’ ಎಂದು ಕಾಲು ನೆಲಕ್ಕೆ ಅಪ್ಪಳಿಸುತ್ತಿದ್ದಳು.

“ಸರಿ ತಾತ,” ಎಂದಳು. ಕಸದ ಮೊರವನ್ನು ತಂದು ನೆಲಕ್ಕೆ ಒತ್ತಿ ಹಿಡಿದು, ತಾತ ಕೂದಲನ್ನು ಅದರೊಳಗೆ ತಳ್ಳುವವರೆಗೆ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು.