ಮೇಲೇಳದ ಕೈ

"ಬೀಯಮ್ಮಾ, ನನ್ನ ಗಂಡನ್ನ ನಿನ್ನೆ ಸಂಜಿಂದ ಕಂಬಕ್ಕ ಕಟ್ಯಾರ," ಎಂದು ಗದ್ದೆಮ್ಮ ಜುಬೇದಾಬೀಯ ಅಂಗಳದಲ್ಲೇ ಕುಸಿದು ಕುಳಿತಳು. "ನಿಮ್ಮ ಮಾತಿಂದನ ಕಟ್ಯಾರ."

ಸಂತೆಕಲ್ಲೂರಿನಿಂದ ಮಸ್ಕಿಯವರೆಗೆ ಅವಳು ಒಬ್ಬಳೇ ನಡೆದು ಬಂದಿದ್ದಳು. ಎಳ್ಳೆಣ್ಣೆ ಕಾಯಿಸುತ್ತಿದ್ದ ವೀರಭದ್ರಮ್ಮ ಸೌಟು ಕೆಳಗಿಟ್ಟಳು. ಎಲುಬು ಕೂಡಿಸುವ ಜುಬೇದಾಬೀಗೆ ಹನ್ನೊಂದು ವರ್ಷದಿಂದ ಅವಳೇ ನೆರೆಯವಳು, ಅವಳೇ ಕೈಯಾಳು. ಮುರಿದ ಕೈಕಾಲಿನವರ ಜೊತೆಗೆ ಕಳವಾದ ಒಡವೆ, ತಪ್ಪಿಸಿಕೊಂಡ ದನದ ಗೋಳು ಹೊತ್ತವರೂ ಆ ಮನೆಗೆ ಬರುತ್ತಿದ್ದರು. ಮೈ ಮುಟ್ಟಿಯೇ ಸುಳ್ಳು ಹಿಡಿಯುತ್ತಾಳೆಂದು ಜುಬೇದಾಬೀಗೆ ಹೆಸರಿತ್ತು. ಅವಳ ಮಾತಿನಿಂದ ಒಬ್ಬನನ್ನು ಕಟ್ಟಿಹಾಕಿದ್ದು ಮಾತ್ರ ಇದೇ ಮೊದಲು.

ಗದ್ದೆಮ್ಮ ನಡೆದದ್ದನ್ನು ಹೇಳಿದಳು. ಅಮರಗುಂಡಪ್ಪಗೌಡರ ಅಟ್ಟದ ಪೆಟ್ಟಿಗೆಯಲ್ಲಿದ್ದ, ಅವರಜ್ಜ ಕೊರಳಲ್ಲಿ ಧರಿಸುತ್ತಿದ್ದ ಲಿಂಗದ ಬೆಳ್ಳಿ ಕರಡಿಗೆ ಹಿಂದಿನ ದಿನ ಮಧ್ಯಾಹ್ನ ಮಾಯವಾಗಿತ್ತು. ಏಣಿ ಬೆಳಗ್ಗೆಯೇ ಹೊಲಕ್ಕೆ ಹೋಗಿತ್ತು. ಏಣಿಯಿಲ್ಲದೆ ಅಟ್ಟ ಹತ್ತಬೇಕೆಂದರೆ ತೊಲೆಗೆ ಎರಡೂ ಕೈಯಿಂದ ಜೋತುಬಿದ್ದು ಮೈ ಎಳೆದುಕೊಳ್ಳಬೇಕು. ಆಗ ಮನೆಯಲ್ಲಿದ್ದವರು ಮೂವರು: ಸುಣ್ಣ ಬಳಿಯಲು ಬಂದಿದ್ದ ಗದ್ದೆಮ್ಮನ ಗಂಡ ಬಸ್ಸಪ್ಪ, ಆಳು ಕನಕರಾಯ, ಗೌಡರ ತಮ್ಮ ಮರಿಸ್ವಾಮಿ.

"ಕನಕರಾಯ ಗಿಡ್ಡ, ಜಿಗಿದರೂ ತೊಲಿ ಸಿಗಂಗಿಲ್ಲ. ಮರಿಸ್ವಾಮಿ ಕೈ ಮ್ಯಾಗ ಏಳಂಗಿಲ್ಲ ಅಂತ ಜುಬೇದಾಬೀನ ಹೇಳ್ಯಾಳ, ಉಳದಾಂವ ನೀನ, ಅಂತಾರ ಗೌಡ್ರು. ಮಧ್ಯಾಹ್ನಕ್ಕ ಲಿಂಗಸುಗೂರಿಂದ ಪೊಲೀಸ ಅಮೀನ ಬರ್ತಾನಂತ."

ಜುಬೇದಾಬೀಯ ಮುಖ ಗಂಟಿಕ್ಕಿತು. ಆ ಮಾತು ಆಕೆ ಆಡಿದ್ದು ನಿಜ. ನಾಲ್ಕು ತಿಂಗಳ ಹಿಂದೆ ಸಿಂಧನೂರಿನ ದಾರಿಯಲ್ಲಿ ಬಂಡಿಯಿಂದ ಬಿದ್ದ ಮರಿಸ್ವಾಮಿಯ ಭುಜವನ್ನು ಆಕೆಯೇ ಕೂಡಿಸಿದ್ದಳು. ಎಣ್ಣೆ ಹಚ್ಚಿ, ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸು, ದಿನಕ್ಕೆ ಒಂದಂಗುಲ ಮೇಲೆ ಹೋಗು ಎಂದು ಕಲಿಸಿದ್ದಳು. ಇಪ್ಪತ್ತು ದಿನಕ್ಕೇ ಅವನು ಬರುವುದನ್ನು ಬಿಟ್ಟ. ಆ ಸಿಟ್ಟಿಗೆ ಅವಳು ಗೌಡರೆದುರು, "ಇನ್ನ ಅವನ ಕೈ ಭುಜದ ಮ್ಯಾಗ ಏಳಂಗಿಲ್ಲ" ಎಂದಿದ್ದಳು.

"ಎಲುಬು ಕೂಡಸೋದು ಒಂದ ತಾಸಿನ ಕೆಲಸ, ವೀರವ್ವ," ಎಂದಳು ಜುಬೇದಾಬೀ, ಸಂತೆಕಲ್ಲೂರಿಗೆ ಹೊರಡಲು ಬಂಡಿ ಹತ್ತುತ್ತ. "ಆಮ್ಯಾಲೆ ಮೈ ಆಡಸ್ರಿ ಅಂತ ಬೇಡ್ಕೊಳ್ಳೋದು ಮೂರು ತಿಂಗಳ ಕೆಲಸ. ಒಬ್ಬರೂ ಕೇಳಂಗಿಲ್ಲ. ಕಟ್ಟಿಕೊಂಡು ಮಲಗತಾರ, ಕೈ ಕಟಿಗಿ ಆತು ಅಂತ ನನ್ನ ಬೈತಾರ."

ವೀರಭದ್ರಮ್ಮ ಕಾಲು ಎಳೆದುಕೊಂಡು ಹಿಂದೆಯೇ ಹತ್ತಿದಳು. ಅವಳ ಮೊಣಕಾಲೂ ಹಾಗೇ ಬಿಗಿದಿತ್ತು, ಕಲಿಸಿದ್ದನ್ನು ಅವಳೂ ಮಾಡುತ್ತಿರಲಿಲ್ಲ.

ಗೌಡರ ಮನೆಯ ಕಂಬಕ್ಕೆ ಬಸ್ಸಪ್ಪನನ್ನು ಹಿಂಗೈ ಕಟ್ಟಿ ನಿಲ್ಲಿಸಿದ್ದರು. ಜುಬೇದಾಬೀ ಮೊದಲು ಅವನ ಅಂಗೈ ಬಿಡಿಸಿ ನೋಡಿದಳು. ಬಿರುಕುಗಳ ತುಂಬ ಸುಣ್ಣ ಕೂತಿತ್ತು. ಆಮೇಲೆ ಏಣಿ ತರಿಸಿ, ಐವತ್ತೆಂಟರ ಪ್ರಾಯದಲ್ಲೂ ಸರಸರನೆ ಹತ್ತಿದಳು. ತೊಲೆಯ ಮೇಲಿನ ದಪ್ಪ ಧೂಳಿನಲ್ಲಿ ಎರಡು ಅಂಗೈ ಗುರುತುಗಳಿದ್ದವು. ಧೂಳು ಒರೆಸಿ ಹೋಗಿ ಕರಿ ಕಟ್ಟಿಗೆ ಕಾಣುತ್ತಿತ್ತು.

"ಬಸ್ಸಪ್ಪ, ಎಲ್ಲಿ ಸುಣ್ಣ ಬಳದಿ?"

"ದನದ ಕೊಟ್ಟಿಗ್ಯಾಗ್ರಿ. ಒಂದ ಗೋಡಿ."

"ಒಂದ? ಯಾರು ಹೇಳಿದ್ರು?"

"ಸಣ್ಣ ಗೌಡ್ರು. ಈ ಗೋಡಿ ಸಾಕು ಅಂದ್ರು."

ಕೊಟ್ಟಿಗೆಯ ಮೂರು ಗೋಡೆಗಳು ಹೊಗೆ ಹಿಡಿದು ಕಪ್ಪಗಿದ್ದವು. ನಾಲ್ಕನೆಯದು ಮಾತ್ರ ಬೆಳ್ಳಗಿತ್ತು. ವೀರಭದ್ರಮ್ಮನಿಗೆ ಅಲ್ಲಿ ಹಳದಿ ಕಲೆಗಳ ಹೊರತು ಬೇರೇನೂ ಕಾಣಲಿಲ್ಲ. ಹೊತ್ತು ಏರುತ್ತಿತ್ತು, ಅಮೀನ ಬರುವ ಸಮಯವಾಗಿತ್ತು, ಜುಬೇದಾಬೀ ನೋಡಿದರೆ ಗೋಡೆಗೆ ಮೂಗು ಹಚ್ಚಿ ನಿಂತಿದ್ದಾಳೆ. "ಅಕ್ಕಾ, ಸುಣ್ಣ ನೋಡಾಕ ಬಂದೀವೇನು?" ಎಂದು ಸಿಡುಕಿದಳು.

"ಮೂಸಿ ನೋಡು," ಎಂದಳು ಜುಬೇದಾಬೀ. "ಆಮ್ಯಾಲೆ ಎಲ್ಲಾರನ್ನೂ ಇಲ್ಲಿಗೆ ಕರಿ."

ಎಲ್ಲರೂ ಬಂದರು. ಮರಿಸ್ವಾಮಿ ಬಲಗೈಯನ್ನು ದಪ್ಪ ಜೋಳಿಗೆಯಲ್ಲಿ ಎದೆಗೆ ಕಟ್ಟಿಕೊಂಡು ಎಲ್ಲರ ಹಿಂದೆ ನಿಂತ.

"ಗೌಡ್ರ, ತೊಲಿ ಮ್ಯಾಗಿನ ಗುರುತು ಬಸ್ಸಪ್ಪಂದು ಅಲ್ಲ. ಅವನ ಕೈ ಮುಟ್ಟಿದಲ್ಲಿ ಸುಣ್ಣ ಹತ್ತತೈತಿ. ಅಲ್ಲಿ ಚೂರೂ ಇಲ್ಲ."

"ಕೈ ತೊಳಕೊಂಡಿರಬಹುದು," ಎಂದರು ಗೌಡರು.

"ಆ ಬಿರುಕಿನ ಸುಣ್ಣ ತಿಕ್ಕಿದರೂ ಹೋಗಂಗಿಲ್ಲ, ನೀವ ಒರೆಸಿ ನೋಡ್ರಿ. ಇನ್ನ ಈ ಗೋಡಿ. ಎಣ್ಣಿ ಕುಡದ ಗೋಡಿಗೆ ಸುಣ್ಣ ಬಳದರ ಕಲೆ ಅಡಗಂಗಿಲ್ಲ, ಒಣಗಿದ ಮ್ಯಾಲೆ ಹಳದಿ ಆಗಿ ಹೊರಗ ಬರತೈತಿ. ಇದು ಲಕ್ಕಿ ಸೊಪ್ಪು ಹಾಕಿ ಕಾಸಿದ ನನ್ನ ಎಣ್ಣಿ. ನಾಕು ನಾಕು ಬೆರಳಿನ ಗುರುತು ಎದಿಮಟ್ಟದಿಂದ ಹೊಂಟಾವ. ಒಂದರ ಮ್ಯಾಲೊಂದು ಎಲ್ಲಿತನ ಹೋಗ್ಯಾವ ನೋಡ್ರಿ."

ಕಲೆಗಳು ಬಾಗಿಲ ಚೌಕಟ್ಟನ್ನೂ ದಾಟಿ, ಎತ್ತರದ ಗಂಡಸು ಕೈ ಚಾಚಿದರೆ ಮುಟ್ಟುವಷ್ಟು ಮೇಲೆ ಹೋಗಿದ್ದವು. ಗೌಡರು ತಮ್ಮನ ಕಡೆ ತಿರುಗಿದರು.

"ನನ್ನ ಹತ್ರ ಬರೋದು ಬಿಟ್ಟರೂ ನಾ ಕಲಿಸಿದ್ದನ್ನ ಬಿಡಲಿಲ್ಲ. ಇಲ್ಲಿ ಕದ್ದು ಮಾಡಿದ, ಕೈ ಪೂರಾ ಸಡಿಲಾತು. ಗುರುತು ಮುಚ್ಚಾಕ ಬಸ್ಸಪ್ಪನ್ನ ಕರಿಸಿದ. ಕಳವು ಹೊರಸಾಕೂ ಅವನ ಸಿಕ್ಕ." ಜುಬೇದಾಬೀ ಮರಿಸ್ವಾಮಿಯ ಭುಜದ ಮೇಲೆ ಕೈಯಿಟ್ಟಳು. "ನಾಕು ತಿಂಗಳು ಕಟ್ಟಿದ ಭುಜದಾಗ ಮಾಂಸ ಕರಗಿ ಎಲುಬು ಎದ್ದಿರಬೇಕು. ಇದು ಎಡಗಡಿಯಷ್ಟ ದುಂಡಗ ಐತಿ."

ಮನೆಯೆಲ್ಲ ಹುಡುಕಿದವರು ನೋಯುವ ಕೈಯೆಂದು ಆ ಜೋಳಿಗೆಯನ್ನು ಮಾತ್ರ ಮುಟ್ಟಿರಲಿಲ್ಲ. ಅವಳು ಗಂಟು ಬಿಚ್ಚಿದಳು. ಬಟ್ಟೆಯ ಮಡಿಕೆಯಿಂದ ಬೆಳ್ಳಿ ಕರಡಿಗೆ ಅವಳ ಅಂಗೈಗೆ ಜಾರಿತು.

"ಅಜ್ಜ ಅದನ್ನ ನನಗ ಅಂತ ಹೇಳಿದ್ದ," ಎಂದ ಮರಿಸ್ವಾಮಿ ನೆಲ ನೋಡುತ್ತ. "ಅಣ್ಣ ಅಳಿಯಗ ಕೊಡಾಕ ಹೊಂಟಿದ್ದ. ಕೇಳಿದರ ಕೊಡತಿರಲಿಲ್ಲ."

"ಕೈ ಯಾಕ ಮುಚ್ಚಿಟ್ಟಿ?"

"ಮೊದಲು ಹೊಲದ ಕೆಲಸ ತಪ್ಪಲಿ ಅಂತ. ಆಮ್ಯಾಲೆ ಇದು ಹೊಳೀತು."

ಜುಬೇದಾಬೀ ಕರಡಿಗೆಯನ್ನು ಗೌಡರಿಗೆ ಕೊಟ್ಟಳು. "ಇಷ್ಟು ವರ್ಷದಾಗ ನನ್ನ ಮಾತು ಪೂರಾ ಕೇಳಿದಾಂವ ಇವನೊಬ್ಬ," ಎಂದಳು. ಆ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ.

ಕನಕರಾಯ ಓಡಿಹೋಗಿ ಬಸ್ಸಪ್ಪನ ಹಗ್ಗ ಬಿಚ್ಚಿದ. ಜುಬೇದಾಬೀ ಅವನನ್ನು ಗೋಣಿಚೀಲದ ಮೇಲೆ ಕೂಡಿಸಿ, ಎರಡೂ ಭುಜ ನೀವಿ, ತೋಳುಗಳನ್ನು ಮೆಲ್ಲಗೆ ತೂಗಿದಳು, ತಿರುಗಿಸಿದಳು. ಬಹಳ ಹೊತ್ತು ಹಿಡಿಯಿತು.

ಅವನು ಎದ್ದಾಗ ಅಮರಗುಂಡಪ್ಪಗೌಡರು ಎದುರಿಗೆ ನಿಂತಿದ್ದರು. ತಪ್ಪಾಯಿತು ಎಂದು ಅವರು ಹೇಳಲಿಲ್ಲ. ದಿನಾ ಅವರನ್ನು ಕಂಡಾಗ ಬಸ್ಸಪ್ಪ ಎರಡೂ ಕೈ ಎತ್ತಿ ಮುಗಿಯುತ್ತಿದ್ದ. ಅದನ್ನು ಕಾಯುವವರಂತೆ ಅವರು ನಿಂತೇ ಇದ್ದರು. ಬಸ್ಸಪ್ಪನ ಕೈಗಳು ತೊಡೆಯ ಪಕ್ಕದಲ್ಲಿ ಇಳಿಬಿದ್ದಿದ್ದವು. ಅವನು ಗೌಡರನ್ನು ಒಮ್ಮೆ ನೋಡಿ, ಗದ್ದೆಮ್ಮನ ಜೊತೆ ಹೊರಗೆ ನಡೆದ.

ಬಂಡಿ ಊರು ದಾಟಿದ ಮೇಲೆ ವೀರಭದ್ರಮ್ಮ ತಡೆಯಲಾರದೆ ಕೇಳಿದಳು. "ಪಾಪ, ರಾತ್ರಿಯೆಲ್ಲ ಕಟ್ಟಿದ್ದಕ್ಕ ಅವನ ಕೈ ಏಳದಂಗಾತೇನು ಅಕ್ಕಾ?"

"ಏಳತಿದ್ವು," ಎಂದಳು ಜುಬೇದಾಬೀ. "ನಾನ ತಿರುವಿ ನೋಡೀನಲ್ಲ."